ಕವಿಯ ಹೆಸರಿನಲ್ಲಿ ಒಂದು ಊಟ

ಕವಿಗಳನ್ನು ನೆನೆಯುವ ಬಗೆಗಳು ಹಲವು. ವಿಗ್ರಹ ನಿಲ್ಲಿಸುವುದು, ಬೀದಿಗೆ ಹೆಸರಿಡುವುದು, ಅಂಚೆಚೀಟಿ ಹೊರಡಿಸುವುದು, ಜಯಂತಿಯ ದಿನ ಭಾವಚಿತ್ರಕ್ಕೆ ಹಾರ ಹಾಕಿ ಎರಡು ಗಂಟೆಗಳ ಕಾಲ ಭಾಷಣ ಮಾಡುವುದು, ಇವೆಲ್ಲ ನಮಗೆ ಪರಿಚಿತವೇ. ಆದರೆ ಕವಿಯ ಹುಟ್ಟುಹಬ್ಬದ ರಾತ್ರಿ ಊರೂರುಗಳಲ್ಲಿ ಜನ ಸೇರಿ, ಅವನು ಹಾಡಿ ಹೊಗಳಿದ ಅಡುಗೆಯನ್ನೇ ಮಾಡಿಸಿ, ಉಣ್ಣುವ ಮುನ್ನ ಆ ಅಡುಗೆಯ ಎದುರಿಗೇ ಅವನ ಪದ್ಯವನ್ನು ಹೇಳಿ, ಉಂಡು, ಕುಣಿದು, ಕೊನೆಗೆ ಅವನ ಹಾಡನ್ನು ಹಾಡುತ್ತ ಕೈಕೈ ಹಿಡಿದು ಬೀಳ್ಕೊಳ್ಳುವ ಪದ್ಧತಿ ನಾನು ಕಂಡಂತೆ ಒಂದೇ ಒಂದು. ಅದು ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸನ ಹೆಸರಿನಲ್ಲಿ ಪ್ರತಿ ವರ್ಷ ಜನವರಿ 25ರ ಆಸುಪಾಸಿನಲ್ಲಿ ನಡೆಯುವ ಔತಣ. 'ಬರ್ನ್ಸ್ ಸಪ್ಪರ್' ಎಂದು ಅದನ್ನು ಕರೆಯುತ್ತಾರೆ. ಸ್ಕಾಟ್ಲೆಂಡಿನಿಂದ ಹೊರಗೆ ನೆಲೆಸಿದ ಸ್ಕಾಟರು ತಮ್ಮ ತಮ್ಮ ಊರುಗಳಲ್ಲಿ ಕಟ್ಟಿಕೊಂಡಿರುವ ಸಂಘಗಳಿಗಂತೂ ಇದೇ ವರ್ಷದ ದೊಡ್ಡ ಹಬ್ಬ.

ಅಂಥದೊಂದು ಔತಣದಲ್ಲಿ ಒಮ್ಮೆ ಅತಿಥಿಯಾಗಿ ಕುಳಿತಿದ್ದೆನಾದ್ದರಿಂದ ಈ ಮಾತನ್ನು ಹೇಳುವ ಧೈರ್ಯ ಮಾಡುತ್ತಿದ್ದೇನೆ. ನಿವೃತ್ತನಾದ ಮೇಲೆ ಉತ್ತರ ಇಂಗ್ಲೆಂಡಿನ ಒಂದು ಪಟ್ಟಣದಲ್ಲಿರುವ ಮಗಳ ಮನೆಯಲ್ಲಿ ಒಂದು ಚಳಿಗಾಲವನ್ನು ಕಳೆದೆ. ಪಕ್ಕದ ಮನೆಯ ಹಿರಿಯರು ಸ್ಕಾಟ್ಲೆಂಡಿನ ಏರ್‌ಷೈರ್ ಸೀಮೆಯವರು; ಕವಿ ಹುಟ್ಟಿದ ಸೀಮೆಯೂ ಅದೇ. ನಾನು ಭಾಷೆಯ ಮೇಷ್ಟ್ರು ಎಂದು ತಿಳಿದೊಡನೆ, "ಹಾಗಾದರೆ ನೀವು ನಮ್ಮ ಸಂಘದ ಊಟಕ್ಕೆ ಬರಲೇಬೇಕು, ಪ್ರೊಫೆಸರ್" ಎಂದರು. ನಾನು ಸಸ್ಯಾಹಾರಿ ಎಂದೆ. "ಅದಕ್ಕೂ ದಾರಿಯಿದೆ" ಎಂದು ನಕ್ಕರು.

ಮೊದಲು ಆ ರಾತ್ರಿಯ ಕ್ರಮವನ್ನು ಹೇಳಿಬಿಡುತ್ತೇನೆ. ಅದಕ್ಕೊಂದು ಶಾಸ್ತ್ರವಿದೆ, ನಮ್ಮ ಮದುವೆಮನೆಗಳಲ್ಲಿ ಇರುವಂತೆ, ಯಾವುದರ ಹಿಂದೆ ಯಾವುದು ಎಂಬುದು ಗೊತ್ತಾಗಿದೆ. ಗಂಡಸರಲ್ಲಿ ಬಹುಮಂದಿ ನೆರಿಗೆಯ ಕಿಲ್ಟ್ ಉಟ್ಟು ಬಂದಿದ್ದರು. ಎಲ್ಲರೂ ಕುಳಿತ ಮೇಲೆ ಒಬ್ಬರು ಎದ್ದು ಬರ್ನ್ಸನ ಹೆಸರಿನಲ್ಲಿ ರೂಢಿಯಾಗಿರುವ ಪುಟ್ಟ ಪ್ರಾರ್ಥನೆಯೊಂದನ್ನು ಹೇಳಿದರು. ಅನ್ನವೂ ಹಸಿವೂ ಒಟ್ಟಿಗೆ ಕೂಡಿಬಂದದ್ದಕ್ಕೆ ದೇವರಿಗೆ ಕೃತಜ್ಞತೆ, ಇಷ್ಟೇ ಅದರ ಭಾವ. ಸಾರು ಮುಗಿಯುವ ಹೊತ್ತಿಗೆ ಬಾಗಿಲ ಕಡೆಯಿಂದ ಬ್ಯಾಗ್‌ಪೈಪಿನ ದನಿ ಕೇಳಿತು. ಎಲ್ಲರೂ ಎದ್ದು ನಿಂತು ತಾಳಕ್ಕೆ ಚಪ್ಪಾಳೆಯಿಕ್ಕತೊಡಗಿದರು. ಮುಂದೆ ವಾದ್ಯದವನು, ಅವನ ಹಿಂದೆ ದೊಡ್ಡ ತಟ್ಟೆಯನ್ನು ಎತ್ತಿ ಹಿಡಿದ ಅಡುಗೆಯವನು. ಉತ್ಸವಮೂರ್ತಿಯ ಸವಾರಿಯಂತೆ ಸಭಾಂಗಣವನ್ನು ಸುತ್ತಿ ಬಂದರು. ತಟ್ಟೆಯ ಮೇಲೆ ಇದ್ದದ್ದು ಹ್ಯಾಗಿಸ್.

ಹ್ಯಾಗಿಸ್ ಎಂದರೆ ಕುರಿಯ ಗುಂಡಿಗೆ, ಯಕೃತ್ತು, ಶ್ವಾಸಕೋಶಗಳನ್ನು ಕೊಚ್ಚಿ, ಓಟ್ಸ್ ಧಾನ್ಯದ ನುಚ್ಚು, ಕೊಬ್ಬು, ಈರುಳ್ಳಿ, ಮೆಣಸುಗಳೊಡನೆ ಬೆರೆಸಿ, ಕುರಿಯ ಹೊಟ್ಟೆಯ ಚೀಲದಲ್ಲೇ ತುಂಬಿ ಬೇಯಿಸಿದ ತಿನಿಸು. ಒಳ್ಳೆಯ ಮಾಂಸ ಧಣಿಗಳ ಪಾಲಾದ ಮೇಲೆ ಬಡವನಿಗೆ ಉಳಿದದ್ದರಿಂದ ಮಾಡಿದ ಅಡುಗೆ ಎನ್ನಬಹುದು. 1786ರಲ್ಲಿ ಬರ್ನ್ಸ್ ಈ ತಿನಿಸನ್ನು ಸಂಬೋಧಿಸಿ, ಅರಸನನ್ನು ಹೊಗಳುವ ಗತ್ತಿನಲ್ಲಿ ಒಂದು ಪದ್ಯ ಬರೆದ. ನಾಜೂಕಿನ ಪರದೇಶದ ಭಕ್ಷ್ಯಗಳನ್ನು ಗೇಲಿ ಮಾಡಿ, ತನ್ನ ರೈತನ ಹೊಟ್ಟೆ ತುಂಬಿಸುವ ಈ ಊಟವನ್ನು ಪಟ್ಟಕ್ಕೇರಿಸಿದ. ಪದ್ಯದಲ್ಲಿ ಹಾಸ್ಯವಿದೆ, ಹಾಸ್ಯದ ಒಳಗೆ ಸ್ವಾಭಿಮಾನವಿದೆ.

ಆ ರಾತ್ರಿ ಪದ್ಯ ಹೇಳುವ ಸರದಿ ನಮ್ಮ ನೆರೆಯ ಹಿರಿಯರದಾಗಿತ್ತು. ಕೈಯಲ್ಲಿ ಕಾಗದವಿಲ್ಲ. ತಟ್ಟೆಯ ಎದುರು ನಿಂತು, ಗದುಗಿನ ಭಾರತವನ್ನು ಓದುವ ಗಮಕಿಯ ಗಾಂಭೀರ್ಯದಿಂದ ತೊಡಗಿ, ಚಾಕುವಿನ ಪ್ರಸ್ತಾಪ ಬಂದೆಡೆ ನಿಜವಾಗಿಯೂ ಚಾಕುವನ್ನೆತ್ತಿ ಹ್ಯಾಗಿಸನ್ನು ಸೀಳಿದರು. ಆವಿ ಎದ್ದಿತು; ಸಭೆ ಕೂಗಿತು; ವಿಸ್ಕಿಯ ಬಟ್ಟಲುಗಳು ಮೇಲೆದ್ದವು. ದಿನವೂ ನನ್ನೊಡನೆ ಸ್ವಚ್ಛವಾದ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ ಆ ಮನುಷ್ಯನ ಬಾಯಿಂದ ಆಗ ಹೊರಟ ನುಡಿಯಲ್ಲಿ ನನಗೆ ಕಾಲುಭಾಗವೂ ಅರ್ಥವಾಗಲಿಲ್ಲ. ಅವರ ಮುಖವೇ ಬೇರೆಯಾಗಿ ಕಂಡಿತು. ಈ ಮಾತಿಗೆ ಮತ್ತೆ ಬರುತ್ತೇನೆ.

ನನ್ನ ತಟ್ಟೆಗೆ ಬಿದ್ದದ್ದು ಓಟ್ಸ್, ಬೇಳೆ, ಹುರುಳಿಕಾಯಿಯ ಬೀಜ, ಈರುಳ್ಳಿಗಳಿಂದ ಮಾಡಿದ ಸಸ್ಯಾಹಾರದ ಹ್ಯಾಗಿಸ್. ಅದು 1980ರ ದಶಕದಿಂದಲೂ ಅಂಗಡಿಗಳಲ್ಲಿ ಸಿಗುತ್ತಿದೆಯಂತೆ. ಜೊತೆಗೆ ಹಿಸುಕಿದ ಟರ್ನಿಪ್ ಗೆಡ್ಡೆ, ಹಿಸುಕಿದ ಆಲೂಗಡ್ಡೆ. ಮೆಣಸಿನ ಖಾರ ನಾಲಗೆಗೆ ಹಿತವಾಗಿತ್ತು.

ಈ ಪದ್ಧತಿ ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. ಬರ್ನ್ಸ್ ತೀರಿಕೊಂಡದ್ದು 1796ರ ಜುಲೈ 21ರಂದು. ಅದಾಗಿ ಐದು ವರ್ಷ ತುಂಬಿದಾಗ, 1801ರ ಬೇಸಗೆಯಲ್ಲಿ, ಅವನನ್ನು ಬಲ್ಲವರೂ ಮೆಚ್ಚಿದವರೂ ಆದ ಒಂಬತ್ತು ಮಂದಿ ಅಲೋವೇ ಗ್ರಾಮದಲ್ಲಿ ಅವನು ಹುಟ್ಟಿದ ಮಣ್ಣುಗೋಡೆಯ ಮನೆಯಲ್ಲಿ ಸೇರಿದರು. ಆ ಮನೆ ಆಗ ಹೆಂಡದಂಗಡಿಯಾಗಿತ್ತು! ಹ್ಯಾಮಿಲ್ಟನ್ ಪಾಲ್ ಎಂಬ ಪಾದ್ರಿ ಮುಂದಾಳು. ಹ್ಯಾಗಿಸ್ ತಿಂದರು, ಪದ್ಯ ಓದಿದರು, ಕವಿಯ ನೆನಪಿಗೆ ಬಟ್ಟಲೆತ್ತಿದರು, ಮತ್ತೆ ಸೇರೋಣವೆಂದು ಮಾತು ಮಾಡಿಕೊಂಡರು. ಅಷ್ಟೇ. ಅದೇ ವರ್ಷ ಗ್ರೀನಕ್ ಬಂದರಿನ ಪಟ್ಟಣದಲ್ಲಿ ಮೊದಲ ಬರ್ನ್ಸ್ ಸಂಘ ಹುಟ್ಟಿತು. ಅವರು 1802ರಲ್ಲಿ ಜನ್ಮದಿನದ ಔತಣವನ್ನು ಏರ್ಪಡಿಸಿದರು, ಆದರೆ ಜನವರಿ 29ರಂದು! ಅಂದೇ ಅವನ ಹುಟ್ಟಿದ ದಿನವೆಂದು ತಿಳಿದಿದ್ದರು. ಅನಂತರ ಚರ್ಚಿನ ದಾಖಲೆ ನೋಡಿದಾಗ ಅವನು ಹುಟ್ಟಿದ್ದು 1759ರ ಜನವರಿ 25 ಎಂದು ಗೊತ್ತಾಗಿ ದಿನವನ್ನು ತಿದ್ದಿಕೊಂಡರು. ಸತ್ತು ಆರು ವರ್ಷಗಳಷ್ಟೇ ಕಳೆದಿದ್ದ ಕವಿಯ ಜನ್ಮದಿನವೇ ಅವನ ಅಭಿಮಾನಿಗಳಿಗೆ ಗೊತ್ತಿರಲಿಲ್ಲ; ಪದ್ಯಗಳು ಮಾತ್ರ ಗೊತ್ತಿದ್ದವು. ಇದು ಕವಿಗೆ ಅಗೌರವವೆಂದು ನನಗೆ ತೋರುವುದಿಲ್ಲ.

ಮುಂದೆ ವ್ಯಾಪಾರಕ್ಕೆ, ಸೈನ್ಯಕ್ಕೆ, ತೋಟಗಳಿಗೆ ಎಂದು ಸ್ಕಾಟರು ಜಗತ್ತಿನ ಮೂಲೆಮೂಲೆಗೆ ಹೋದಂತೆ ಈ ಊಟವೂ ಅವರೊಡನೆ ಹೋಯಿತು. 1859ರಲ್ಲಿ ಕವಿಯ ಶತಮಾನೋತ್ಸವ ಬಂದಾಗ ಬ್ರಿಟನ್, ಅಮೆರಿಕ, ವಸಾಹತುಗಳು ಎಲ್ಲ ಸೇರಿ 800ಕ್ಕೂ ಮಿಕ್ಕಿ ಸಭೆಗಳು ನಡೆದವು. ಬಾಸ್ಟನ್ ನಗರದ ಸಭೆಯಲ್ಲಿ ಎಮರ್ಸನ್ ಮಾತಾಡಿದ. 1885ರಲ್ಲಿ ಈ ಸಂಘಗಳೆಲ್ಲ ಸೇರಿ ಒಂದು ಒಕ್ಕೂಟವಾಯಿತು.

ಇನ್ನು ಈ ಔತಣದ ನಾಯಕನ ಬಾಳಿನತ್ತ ನೋಡೋಣ. ಬರ್ನ್ಸನ ತಂದೆ ಗೇಣಿ ರೈತ. ಮಣ್ಣಿನ ಮನೆಯನ್ನು ತನ್ನ ಕೈಯಿಂದಲೇ ಕಟ್ಟಿದವನು. ಬರಡು ಹೊಲಗಳೊಡನೆಯೂ ಗೇಣಿಯ ಮೊಕದ್ದಮೆಯೊಡನೆಯೂ ಹೆಣಗಿ 1784ರಲ್ಲಿ ಕಣ್ಣು ಮುಚ್ಚಿದ. ಆದರೆ ಮಕ್ಕಳ ಓದಿಗೆ ಮಾತ್ರ ಕಡಮೆ ಮಾಡಿರಲಿಲ್ಲ. ನೆರೆಹೊರೆಯವರೊಡನೆ ಸೇರಿ ಉಪಾಧ್ಯಾಯನನ್ನು ಇರಿಸಿಕೊಂಡಿದ್ದ. ಮಗ ನೇಗಿಲು ಹಿಡಿಯುತ್ತಲೇ ಪದ್ಯ ಕಟ್ಟಿದ. ಇಪ್ಪತ್ತೇಳರ ಹರೆಯದಲ್ಲಿ ಬೇಸಾಯವೂ ಕೈಹಿಡಿಯದೆ, ಮೆಚ್ಚಿದ ಹೆಣ್ಣಿನ ತಂದೆಯೂ ಒಪ್ಪದೆ, ಜಮೈಕಾ ದ್ವೀಪದ ತೋಟವೊಂದಕ್ಕೆ ಲೆಕ್ಕ ಬರೆಯುವ ಕೆಲಸಕ್ಕೆ ಹೋಗಿಬಿಡಲು ನಿರ್ಧರಿಸಿದ. ಆ ಸಮಯದಲ್ಲಿ, 1786ರ ಜುಲೈ 31ರಂದು, ಕಿಲ್ಮಾರ್ನಾಕ್ ಪಟ್ಟಣದಲ್ಲಿ ಅವನ ಮೊದಲ ಕವನಸಂಗ್ರಹ ಅಚ್ಚಾಗಿ ಹೊರಬಂತು. 612 ಪ್ರತಿಗಳು, ಬೆಲೆ ಮೂರು ಷಿಲಿಂಗ್. ಸುಮಾರು ಒಂದು ತಿಂಗಳಲ್ಲೇ ಪ್ರತಿಗಳು ಮುಗಿದವು. ಜಮೈಕಾ ಪ್ರಯಾಣ ನಿಂತಿತು. ಎಡಿನ್‌ಬರೋದ ಪಂಡಿತ ಸಮಾಜ ಅವನನ್ನು ದೇವರೇ ಪಾಠ ಹೇಳಿದ ನೇಗಿಲಯೋಗಿಯೆಂದು ಕೊಂಡಾಡಿತು. ಅವನು ಷೇಕ್ಸ್‌ಪಿಯರನ್ನೂ ಪೋಪನನ್ನೂ ಓದಿದ್ದನೆಂಬುದು ಆ ಕೊಂಡಾಟಕ್ಕೆ ಅಡ್ಡಿಯಾಗಲಿಲ್ಲ.

ಜೀವನದ ಕೊನೆಯ ಭಾಗದಲ್ಲಿ ಅವನು ಅಬಕಾರಿ ಇಲಾಖೆಯ ನೌಕರ. ಜೊತೆಗೆ ತನ್ನ ನಾಡಿನ ಹಳೆಯ ಹಾಡುಗಳ ಸಂಗ್ರಾಹಕ. ಹಳ್ಳಿಗರ ಬಾಯಲ್ಲಿದ್ದ ಮಟ್ಟುಗಳನ್ನೂ ಮುರುಕು ಸಾಲುಗಳನ್ನೂ ಹೆಕ್ಕಿ, ತುಂಬಿಸಿ, ತಿದ್ದಿ, ನೂರಾರು ಹಾಡುಗಳನ್ನು ಇಬ್ಬರು ಪ್ರಕಾಶಕರಿಗೆ ಒದಗಿಸಿದ. ಅದು ದೇಶದ ಕೆಲಸವೆಂದು ಸಂಭಾವನೆಯನ್ನು ಮುಟ್ಟಲಿಲ್ಲ. 1793ರಲ್ಲಿ ಜಾರ್ಜ್ ಥಾಮ್ಸನ್ ಎಂಬ ಪ್ರಕಾಶಕ ತಾನಾಗಿ ಐದು ಪೌಂಡ್ ಕಳಿಸಿದಾಗ, ಇದು ನನಗೆ ಅವಮಾನವೆಂದು ಸಿಡುಕಿ ಬರೆದ. ಮೂರು ವರ್ಷ ಕಳೆಯಿತು. 1796ರ ಜುಲೈ 12ರಂದು, ರೋಗದಿಂದ ಹಾಸಿಗೆ ಹಿಡಿದು, ಬಟ್ಟೆಯ ವ್ಯಾಪಾರಿಯ ಬಾಕಿಗೆ ಸೆರೆಮನೆ ಕಾಣಬೇಕಾದೀತೆಂಬ ಭಯದಲ್ಲಿ, ಅದೇ ಥಾಮ್ಸನನಿಗೆ ಐದು ಪೌಂಡ್ ಕಳಿಸಿಕೊಡುವಂತೆ ಅಂಗಲಾಚಿ ಬರೆದ. ಹಣ ಬಂತು. ಒಂಬತ್ತು ದಿನಗಳಲ್ಲಿ ಅವನು ಹೋದ. ವಯಸ್ಸು ಮೂವತ್ತೇಳು. ಜುಲೈ 25ರಂದು ಡಂಫ್ರೀಸ್ ಊರಿನ ಬೀದಿಯಲ್ಲಿ ಸೈನಿಕ ಮರ್ಯಾದೆಯೊಡನೆ ಶವಯಾತ್ರೆ ಸಾಗುತ್ತಿದ್ದ ದಿನವೇ ಮನೆಯಲ್ಲಿ ಅವನ ಕೊನೆಯ ಮಗು ಹುಟ್ಟಿತು.

ಐದು ಪೌಂಡಿಗೆ ಕೈಯೊಡ್ಡಿದವನ ಹೆಸರಿನಲ್ಲಿ ಬೆಳ್ಳಿಯ ಚಾಕು, ಹಳೆಯ ವಿಸ್ಕಿ, ನೃತ್ಯಕ್ಕೆ ವಾದ್ಯಗೋಷ್ಠಿ! ಈ ವ್ಯಂಗ್ಯ ಯಾರಿಗಾದರೂ ಚುಚ್ಚದೆ ಇರದು. ಮೊದಲು ಚುಚ್ಚಿಸಿಕೊಂಡವರು ಸ್ಕಾಟರೇ. ಅವರ ಆಧುನಿಕ ಕವಿಗಳಲ್ಲಿ ಅಗ್ರಗಣ್ಯನಾದ ಹ್ಯೂ ಮ್ಯಾಕ್‌ಡರ್ಮಿಡ್ 1926ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ನೀಳ್ಗವಿತೆಯಲ್ಲಿ ಈ ಔತಣಗಳನ್ನು ನಿರ್ದಯವಾಗಿ ಲೇವಡಿ ಮಾಡಿದ. ವರ್ಷಕ್ಕೊಮ್ಮೆ ಕುಡಿದು ಹೊಗಳುವವರು ಉಳಿದ ದಿನಗಳಲ್ಲಿ ಕವಿಯನ್ನು ಓದುವುದಿಲ್ಲ, ಅವನ ನುಡಿಯನ್ನು ಬಳಸುವುದಿಲ್ಲ ಎಂಬುದು ಅವನ ಸಿಟ್ಟು. ಆ ಕವಿತೆ ಬರೆದದ್ದೂ ಅದೇ ಸ್ಕಾಟ್ಸ್ ನುಡಿಯಲ್ಲಿ.

ಅದೇ 1926ರಲ್ಲಿ ನಮ್ಮಲ್ಲಿ ಬಿ.ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ಪುಸ್ತಕವಾಗಿ ಬಂದಿತೆಂಬುದು ಕಾಕತಾಳೀಯವಾದರೂ ನೆನೆಯತಕ್ಕದ್ದು. ವರ್ಡ್ಸ್‌ವರ್ತ್, ಷೆಲ್ಲಿಯರೊಡನೆ ಬರ್ನ್ಸನೂ ಆ ಬಾಗಿಲಿನಿಂದಲೇ ಕನ್ನಡದ ಮನೆಗೆ ಬಂದ. ಅವನನ್ನು ನಾವು 'ಇಂಗ್ಲಿಷ್' ಗೀತದವನೆಂದೇ ಬರಮಾಡಿಕೊಂಡೆವು. ನಾನೂ ತರಗತಿಗಳಲ್ಲಿ ಹಾಗೆಯೇ ಹೇಳಿಕೊಂಡು ಬಂದವನು. ಅವನ ನುಡಿ ಇಂಗ್ಲಿಷ್ ಅಲ್ಲವೆಂಬುದು ನನಗೆ ನಿಜವಾಗಿ ಮನವರಿಕೆಯಾದದ್ದು ಆ ಔತಣದ ಮೇಜಿನಲ್ಲಿ.

ಸ್ಕಾಟ್ಸ್ ಇಂಗ್ಲಿಷಿನ ಒಡಹುಟ್ಟು. ಒಂದು ಕಾಲಕ್ಕೆ ಅರಮನೆಯ, ನ್ಯಾಯಾಲಯದ ಭಾಷೆ. 1603ರಲ್ಲಿ ಸ್ಕಾಟ್ಲೆಂಡಿನ ದೊರೆ ಲಂಡನ್ನಿನ ಸಿಂಹಾಸನವನ್ನೂ ಏರಿ ಅಲ್ಲಿಗೆ ಹೊರಟುಹೋದ. 1707ರಲ್ಲಿ ಪಾರ್ಲಿಮೆಂಟೂ ಹೋಯಿತು. ಬರ್ನ್ಸನ ಕಾಲಕ್ಕೆ ಎಡಿನ್‌ಬರೋದ ವಿದ್ವಾಂಸರು ತಮ್ಮ ಬರಹದಲ್ಲಿ ನುಸುಳಬಾರದ ಸ್ಕಾಟ್ಸ್ ಮಾತುಗಳ ಪಟ್ಟಿಯನ್ನೇ ಸಿದ್ಧಪಡಿಸಿಕೊಂಡಿದ್ದರು. ಆಡುವುದಕ್ಕೆ ನಾಚಬೇಕಾದ ಆ ನುಡಿಯಲ್ಲಿ ಬರ್ನ್ಸ್ ಪುಸ್ತಕ ಅಚ್ಚು ಹಾಕಿಸಿದ್ದು ಸಣ್ಣ ಸಾಹಸವಲ್ಲ.

ಊಟದ ನಡುವೆ ನಮ್ಮ ಹಿರಿಯರಿಗೆ ಕೇಳಿದೆ: "ಈ ಪದ್ಯವನ್ನು ನಿಮಗೆ ಶಾಲೆಯಲ್ಲಿ ಕಲಿಸಿದರೆ?" ಅವರು ಬಟ್ಟಲನ್ನು ಕೆಳಗಿಟ್ಟರು. "ಶಾಲೆಯಲ್ಲಿಯೇ ಕಲಿಸಿದರು, ಪ್ರೊಫೆಸರ್. ಜನವರಿ ತಿಂಗಳು ಪದ್ಯ ಒಪ್ಪಿಸಿದ್ದಕ್ಕೆ ಬಹುಮಾನ ಕೊಟ್ಟರು. ಫೆಬ್ರವರಿಯಲ್ಲಿ ಅದೇ ಪದ್ಯದ ಒಂದು ಮಾತನ್ನು ಮೇಷ್ಟ್ರಿಗೆ ಉತ್ತರವಾಗಿ ಹೇಳಿದೆ. ಅಂಗೈಗೆ ಚರ್ಮದ ಪಟ್ಟಿಯಲ್ಲಿ ಎರಡು ಏಟು ಬಿತ್ತು." ನಗುತ್ತಲೇ ಹೇಳಿದರು. ಸ್ವಲ್ಪ ತಡೆದು, "ಮಕ್ಕಳೊಡನೆ ನಾನು ಆ ಮಾತು ಆಡಲಿಲ್ಲ. ಅವರಿಗೂ ಏಟು ಬೀಳದಿರಲಿ ಎಂದು" ಎಂದರು.

ನಾನು ಸುಮ್ಮನಾದೆ. ಮಗಳ ಮನೆಯಲ್ಲಿ ಮೊಮ್ಮಗ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ; ಅವನಿಗೆ ಯಾರೂ ಹೊಡೆದಿಲ್ಲ.

ಊಟ ಮುಗಿದ ಮೇಲೆ ರಾತ್ರಿಯ ಮುಖ್ಯ ಭಾಷಣ. ಅದಕ್ಕೆ 'ಅಮರ ಸ್ಮೃತಿ' ಎಂಬ ಅರ್ಥದ ಹೆಸರಿದೆ. ಒಬ್ಬರು ಕವಿಯನ್ನು ಕುರಿತು ಮಾತಾಡಿ, ಕೊನೆಗೆ ಎಲ್ಲರೂ ಎದ್ದು ಮೌನವಾಗಿ ಬಟ್ಟಲೆತ್ತುವುದು ರೂಢಿ. ಹೊಗಳಿಕೆಯ ಹೊಳೆಯನ್ನು ನಿರೀಕ್ಷಿಸಿದ್ದ ನನಗೆ ಆಶ್ಚರ್ಯ ಕಾದಿತ್ತು. ಮಾತಾಡಿದ ಹೆಣ್ಣುಮಗಳು ಶಾಲಾ ಉಪಾಧ್ಯಾಯಿನಿ. ಜಮೈಕಾದ ತೋಟವೆಂದರೆ ಗುಲಾಮರ ದುಡಿಮೆಯ ತೋಟವಲ್ಲವೆ, ಮನುಷ್ಯರೆಲ್ಲ ಸೋದರರೆಂದು ಮುಂದೆ ಹಾಡಿದವನು ಅಲ್ಲಿಗೆ ಲೆಕ್ಕ ಬರೆಯಲು ಹೊರಟಿದ್ದನಲ್ಲ ಎಂದು ಅವರು ನೇರವಾಗಿ ಕೇಳಿದರು. ಸಭೆ ಅದನ್ನು ಕೇಳಿಸಿಕೊಂಡಿತು. ಬಳಿಕ ಅದೇ ಕವಿ 1785ರಲ್ಲಿ, ತನ್ನ ನೇಗಿಲಿಗೆ ಸಿಕ್ಕಿ ಗೂಡು ಕಳೆದುಕೊಂಡ ಇಲಿಯೊಂದನ್ನು ಕುರಿತು ಬರೆದ ಪದ್ಯವನ್ನು ಅವರು ಓದಿದರು. ಚಳಿಗಾಲದ ಬಾಗಿಲಲ್ಲಿ ಮನೆ ಕಳೆದುಕೊಂಡ ಇಲಿಗೂ ಗೇಣಿ ರೈತನಿಗೂ ದೂರವೆಷ್ಟು ಎಂದು ಯಾರೂ ವಿವರಿಸಬೇಕಾಗಲಿಲ್ಲ.

ಅದಾದ ಮೇಲೆ ಹೆಂಗಸರಿಗೆ ಶುಭ ಕೋರುವ ವಿನೋದದ ಭಾಷಣ. ಅದಕ್ಕೆ ಹೆಂಗಸೊಬ್ಬರ ಪ್ರತ್ಯುತ್ತರ. ಹಿಂದೆ ಅನೇಕ ಸಂಘಗಳಲ್ಲಿ ಈ ಊಟ ಗಂಡಸರದೇ ಆಗಿತ್ತಂತೆ. ಪ್ರತ್ಯುತ್ತರ ಕೊಟ್ಟವರು ಕವಿಯ ಮಡದಿ ಜೀನ್ ಆರ್ಮರಳನ್ನು ನೆನೆದರು. 1791ರಲ್ಲಿ ಗಂಡನಿಗೆ ಬೇರೊಬ್ಬಳಲ್ಲಿ ಹುಟ್ಟಿದ ಹೆಣ್ಣುಮಗುವನ್ನು, ಕೆಲವೇ ದಿನಗಳ ಅಂತರದಲ್ಲಿ ತಾನು ಹೆತ್ತ ಮಗುವಿನೊಡನೆ ಸಾಕಿದವಳು ಆಕೆ. "ಅಮರ ಸ್ಮೃತಿ ಅವನಿಗಿರಲಿ, ಇನ್ನೊಂದು ಬಟ್ಟಲು ಅವಳಿಗೆ" ಎಂದರು. ನಗುತ್ತಿದ್ದ ಸಭೆ ಒಂದು ಗಳಿಗೆ ಗಂಭೀರವಾಯಿತು.

ಬಳಿಕ ಮೇಜುಗಳನ್ನು ಬದಿಗೆ ಸರಿಸಿ ನೃತ್ಯ. ಇಂಥ ಕುಣಿತದ ಕೂಟಕ್ಕೆ ಗೇಲಿಕ್ ಭಾಷೆಯಲ್ಲಿ 'ಕೇಲಿ' ಎನ್ನುತ್ತಾರೆ. ನಮ್ಮ ಸಂಸ್ಕೃತದ 'ಕೇಲಿ'ಗೂ ಇದಕ್ಕೂ ನಂಟಿಲ್ಲ. ಆದರೆ ಕೇಳಿದ ಕಿವಿ ನಂಟನ್ನು ಕಟ್ಟಿಕೊಳ್ಳದೆ ಬಿಡುವುದಿಲ್ಲ. ಸಾಲಾಗಿ ನಿಂತು, ಕೈ ಕೋದು, ಜೊತೆಗಾರರನ್ನು ಬದಲಿಸುತ್ತ ಸಾಗುವ ಕುಣಿತ; ಮುದುಕರೂ ಮಕ್ಕಳೂ ಒಂದೇ ಸಾಲಿನಲ್ಲಿ. ಕವಿಗೆ ಇದು ಅಪಚಾರವೇನಲ್ಲ. ಹದಿಹರೆಯದಲ್ಲಿ ತಂದೆಯ ಮಾತು ಮೀರಿ ನೃತ್ಯಶಾಲೆಗೆ ಹೋದವನು ಅವನು. 1780ರಲ್ಲಿ ಟಾರ್ಬೋಲ್ಟನ್ ಹಳ್ಳಿಯಲ್ಲಿ ಗೆಳೆಯರ ಚರ್ಚಾಕೂಟ ಕಟ್ಟಿದವನೂ ಅವನೇ.

ಕೊನೆಗೆ ಎಲ್ಲರೂ ವೃತ್ತವಾಗಿ ನಿಂತು 'ಆಲ್ಡ್ ಲ್ಯಾಂಗ್ ಸೈನ್' ಹಾಡಿದರು. ಬಹಳ ಹಿಂದಿನ ದಿನಗಳು ಎಂಬುದು ಆ ಮಾತಿನ ಅರ್ಥ. ಮುದುಕನೊಬ್ಬನ ಬಾಯಿಂದ ಬರೆದುಕೊಂಡ ಹಳೆಯ ಹಾಡೆಂದು ಬರ್ನ್ಸ್ ಹೇಳಿಕೊಂಡಿದ್ದಾನೆ. ಅಚ್ಚಾಗಿ ಬಂದದ್ದು ಅವನು ಸತ್ತ ಮೇಲೆ. ಅದರ ಮಟ್ಟು ಸುತ್ತಿದ ಊರುಗಳು ಎಷ್ಟು! ಜಪಾನಿನಲ್ಲಿ ಶಾಲೆಯ ಬೀಳ್ಕೊಡುಗೆಗೆ ಅದೇ ಮಟ್ಟು. ಹಳೆಯ ದಿನಗಳನ್ನು ನೆನೆಯುವ ರವೀಂದ್ರನಾಥ ಠಾಕೂರರ ಬಂಗಾಳಿ ಗೀತೆಯೊಂದಕ್ಕೂ ಅದೇ ಮಟ್ಟು. ಡೆಹರಾಡೂನಿನ ಸೈನಿಕ ಅಕಾಡೆಮಿಯಲ್ಲಿ ತರಬೇತಿ ಮುಗಿಸಿದ ತರುಣರು ಕೊನೆಯ ಹೆಜ್ಜೆಯಿಟ್ಟು ದಾಟಿಹೋಗುವುದೂ ಅದೇ ಮಟ್ಟಿಗೆ. ಹಾಡುವವರಲ್ಲಿ ಎಷ್ಟೋ ಮಂದಿಗೆ ಕವಿಯ ಹೆಸರು ತಿಳಿಯದು. ಹಳೆಯ ಹಾಡುಗಳಿಗೆ ಹೆಸರು ಹಾಕದೆ ಜೀವ ತುಂಬಿದವನಿಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಬೇಕಾಗಿತ್ತೆಂದು ತೋರುವುದಿಲ್ಲ.

ಮ್ಯಾಕ್‌ಡರ್ಮಿಡನ ಸಿಟ್ಟು ನ್ಯಾಯವಾದದ್ದೇ. ವರ್ಷಕ್ಕೊಂದು ರಾತ್ರಿಯ ಪೂಜೆಯಿಂದ ಭಾಷೆ ಉಳಿಯದು. ಆದರೆ ಆ ಒಂದು ರಾತ್ರಿಯೂ ಇಲ್ಲದಿದ್ದರೆ? ಶಾಲೆ ಅಂಗೈಗೆ ಹೊಡೆದು ಬಿಡಿಸಿದ ನುಡಿಯನ್ನು ಎರಡು ಶತಮಾನಗಳ ಕಾಲ ಊಟದ ಮೇಜು ನಾಲಗೆಯ ಮೇಲೆ ಹಿಡಿದಿಟ್ಟುಕೊಂಡಿತು. ಪುಸ್ತಕ ಬಿಡಿಸದವನಿಗೂ ಪದ್ಯ ಬಾಯಿಗೆ ಬಂತು. 2011ರ ಜನಗಣತಿಯಲ್ಲಿ ಹದಿನೈದು ಲಕ್ಷಕ್ಕೂ ಹೆಚ್ಚು ಜನ ತಮಗೆ ಸ್ಕಾಟ್ಸ್ ಮಾತಾಡಲು ಬರುತ್ತದೆಂದು ಬರೆಸಿದರು. 2025ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಗೇಲಿಕ್ ಮತ್ತು ಸ್ಕಾಟ್ಸ್ ಎರಡಕ್ಕೂ ಅಧಿಕೃತ ಸ್ಥಾನ ನೀಡುವ ಶಾಸನವನ್ನು ಒಪ್ಪಿತು. ಶಾಸನವನ್ನು ಊಟ ತಂದಿತೆಂದು ನಾನು ಹೇಳಲಾರೆ. ಶಾಸನ ಬರುವವರೆಗೆ ಪದ್ಯವನ್ನು ಆರದಂತೆ ಬಿಸಿಯಾಗಿಟ್ಟವರಲ್ಲಿ ಊಟದವರೂ ಸೇರಿದ್ದಾರೆಂದು ಮಾತ್ರ ಹೇಳಬಲ್ಲೆ.

ನಡುರಾತ್ರಿ ಹಿಮ ತುಳಿಯುತ್ತ ಮನೆಗೆ ಬಂದೆವು. ಗೇಟಿನ ಬಳಿ ಹಿರಿಯರು ನಿಂತು, ಮೇಲಿನ ಕಿಟಕಿಯಲ್ಲಿ ಇನ್ನೂ ದೀಪವಿರುವುದನ್ನು ಕಂಡು, "ನಿಮ್ಮ ಮೊಮ್ಮಗ ಎಚ್ಚರವಾಗಿದ್ದಾನೆ" ಎಂದರು. ಹೌದು, ಎಚ್ಚರವಾಗಿದ್ದ. ಅಲ್ಲಿ ಏನು ತಿಂದಿರೆಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ಕನ್ನಡದಲ್ಲಿ, ನಿಧಾನವಾಗಿ, ಹ್ಯಾಗಿಸಿನ ಮೆರವಣಿಗೆಯಿಂದ ಮೊದಲುಗೊಂಡು ಹೇಳತೊಡಗಿದೆ. ಚಾಕು ಎತ್ತಿದ ಕಡೆ ಕೈ ಎತ್ತಿ ತೋರಿಸಿದೆ. ಅವನು ನಕ್ಕು, "ಇನ್ನೊಂದ್ಸಲ" ಎಂದ.